ಸಿದ್ದಣ್ಣನ ಮುನ್ನೂರು ಗುಂಡಿಗಳು

ಹೋದ ತಿಂಗಳು ಮಗಳು ನನಗೊಂದು ಹೊಸ ಮೊಬೈಲು ಕೊಡಿಸಿದಳು. ಅದರ ಪರದೆಯ ಮೇಲಿನ ಗುಂಡಿಗಳು ಗುಂಡಿಗಳ ಹಾಗೇ ಇಲ್ಲ. ಗೋಡೆಗೆ ಬಳಿದ ಬಣ್ಣದ ಚೌಕದ ಹಾಗೆ ಮಟ್ಟಸವಾಗಿವೆ. ಒತ್ತಿದರೆ ಒಳಗೆ ಹೋಗುವುದಿಲ್ಲ, ಅಂಚಿಗೆ ನೆರಳು ಬೀಳುವುದಿಲ್ಲ. ನಾನು ಒತ್ತುತ್ತೇನೆ, ಕಾಯುತ್ತೇನೆ, ಅನುಮಾನ ಬಂದು ಮತ್ತೆ ಒತ್ತುತ್ತೇನೆ. ಹೀಗಾಗಿ ನನ್ನ ಭಾವಮೈದುನನಿಗೆ ಒಂದೇ ಹುಟ್ಟುಹಬ್ಬಕ್ಕೆ ಐದು ಶುಭಾಶಯ ಹೋಗಿವೆ. ಅವನು ಅದರಲ್ಲಿ ಏನೋ ಕುಹಕ ಇದೆ ಅಂತ ಇನ್ನೂ ಹುಡುಕುತ್ತಿದ್ದಾನೆ.

ಮುಟ್ಟಿದರೆ ಸಾಕು, ಒತ್ತಬೇಕಾಗಿಲ್ಲ ಅಂತ ಮಗಳು ಹೇಳಿಕೊಟ್ಟಳು. ಗೊತ್ತು. ಆದರೆ ಒತ್ತಿದ ಗುಂಡಿ ಒಳಗೆ ಹೋಗಲೇಬೇಕು ಎಂಬ ಪಾಠವನ್ನು ನಾನು ಕಲಿತದ್ದು ಹುಣಸೂರಿನ ಸಿದ್ದಣ್ಣನಿಂದ. ಅವನಿಂದ ಕಲಿತದ್ದನ್ನು ಮರೆಯುವುದು ಕಷ್ಟ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನಾನು ಮೈಸೂರಿನ ಒಂದು ದಿನಪತ್ರಿಕೆಗೆ ಹುಣಸೂರಿನ ವರದಿಗಾರ. ಸುದ್ದಿ ಬರೆದು, ಕವರಿಗೆ ಹಾಕಿ, ಮಧ್ಯಾಹ್ನದ ಮೈಸೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು ನನ್ನ ದಿನಚರಿ. ಬಸ್ಸು ಬಿಳಿಕೆರೆಯಲ್ಲಿ ಪಂಕ್ಚರ್ ಆದರೆ ಆವತ್ತು ಹುಣಸೂರಿನಲ್ಲಿ ಏನೂ ನಡೆಯಲಿಲ್ಲ ಅಂತಲೇ ಅರ್ಥ. ಕವರು ಕೊಟ್ಟಾದ ಮೇಲೆ ನಾನು ಹೋಗಿ ಕೂರುತ್ತಿದ್ದದ್ದು ಹಳೇ ಬಸ್ ಸ್ಟ್ಯಾಂಡಿನ ಹಿಂದೆ ಖಲೀಲ್ ಸಾಹೇಬರ ಪ್ರೆಸ್ಸಿನಲ್ಲಿ. ಅಲ್ಲಿ ಲಗ್ನಪತ್ರಿಕೆ, ತಿಥಿ ಕಾರ್ಡು, ನಾಟಕದ ಕರಪತ್ರ ಇವೆಲ್ಲ ಅಚ್ಚಾಗುತ್ತಿದ್ದವು. ತಾಲ್ಲೂಕಿನಲ್ಲಿ ಯಾರು ಯಾರಿಗೆ ಬೀಗರಾಗುತ್ತಾರೆ, ಯಾರು ತೀರಿಕೊಂಡರು ಎಂಬುದು ಪೊಲೀಸ್ ಠಾಣೆಗಿಂತ ಮೊದಲು ಅಲ್ಲಿ ತಿಳಿಯುತ್ತಿತ್ತು.

ಸಿದ್ದಣ್ಣ ಆ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವವನು. ಕಂಪಲಾಪುರದಿಂದ ಮೊದಲನೇ ಬಸ್ಸಿಗೆ ಬಂದು, ಅಂಗಿಯ ತೋಳು ಮಡಚಿ, ಮರದ ಕೇಸಿನ ಮುಂದೆ ನಿಲ್ಲುತ್ತಿದ್ದ. ಆ ಕೇಸಿನಲ್ಲಿ ಮುನ್ನೂರಕ್ಕೂ ಹೆಚ್ಚು ಸಣ್ಣ ಮನೆಗಳು. ಒಂದೊಂದು ಮನೆಯಲ್ಲಿ ಒಂದೊಂದು ಅಕ್ಷರದ ಸೀಸದ ಮೊಳೆ. ಸಿದ್ದಣ್ಣ ಕೇಸಿನ ಕಡೆ ನೋಡುತ್ತಲೇ ಇರಲಿಲ್ಲ. ಕಣ್ಣು ಹಸ್ತಪ್ರತಿಯ ಮೇಲೆ, ಬಾಯಿ ನನ್ನ ಜೊತೆ ಮಾತಿನಲ್ಲಿ, ಬಲಗೈ ಮಾತ್ರ ಕೋಳಿ ಕಾಳು ಹೆಕ್ಕಿದ ಹಾಗೆ ಅಕ್ಷರ ಹೆಕ್ಕುತ್ತಿತ್ತು. ಮೂವತ್ತು ವರ್ಷದಿಂದ ಹೆಕ್ಕುತ್ತಿತ್ತು.

ಒಂದು ಬೆಳಿಗ್ಗೆ ಹೋದಾಗ ಕೇಸಿನ ಪಕ್ಕದಲ್ಲಿ ಮೇಜು, ಅದರ ಮೇಲೆ ಕಂಪ್ಯೂಟರು, ಅದರ ಮುಂದೆ ಹೊಸ ಕುರ್ಚಿ. ಖಲೀಲ್ ಸಾಹೇಬರು ಕೆಟ್ಟವರಲ್ಲ. ಮೊಳೆ ಎರಕ ಹೊಯ್ಯುವ ಕಾರ್ಖಾನೆ ಮುಚ್ಚಿತ್ತು. ಇದ್ದ ಮೊಳೆಗಳು ಸವೆದು, ವಧುವಿನ ಹೆಸರಿಗಿಂತ ವರನ ಹೆಸರು ಮಂಕಾಗಿ ಬಿದ್ದು, ಬೀಗರು ಜಗಳಕ್ಕೆ ಬರುವ ಹಂತ ತಲುಪಿತ್ತು. ಹಾಗಾಗಿ ಅವರು ಸಿದ್ದಣ್ಣನನ್ನು ಕೂರಿಸಿಕೊಂಡು, ಅಂದರೆ ಅವನು ನಿಂತೇ ಇದ್ದ, ವಿಷಯ ಹೇಳಿದರು. ಶಿವರಾತ್ರಿಯೊಳಗೆ ಕಂಪ್ಯೂಟರಿನಲ್ಲಿ ಒಂದು ಲಗ್ನಪತ್ರಿಕೆ ಪೂರ್ತಿ ಜೋಡಿಸಿ ತೋರಿಸಬೇಕು. ಆಗದಿದ್ದರೆ ಮದುವೆ ಕಾಲಕ್ಕೆ ಮೈಸೂರಿನಿಂದ ಒಬ್ಬ ಆಪರೇಟರ್ ಬರುತ್ತಾನೆ. ಸಿದ್ದಣ್ಣನಿಗೆ ಗದ್ದೆಯಿಲ್ಲ, ಬೇರೆ ಕಸುಬಿಲ್ಲ. ಮೊಳೆ ಜೋಡಿಸುವ ಇನ್ನೊಂದು ಪ್ರೆಸ್ಸೂ ಸುತ್ತಮುತ್ತ ಉಳಿದಿರಲಿಲ್ಲ.

ಅವನು ಕೀಲಿಮಣೆಯ ಮುಂದೆ ಎರಡು ದಿನ ಕೂತ. ಇಂಗ್ಲಿಷ್ ಅಕ್ಷರದ ಕೀಲಿ ಒತ್ತಿದರೆ ಪರದೆಯ ಮೇಲೆ ಕನ್ನಡದ ಯಾವುದೋ ತುಂಡು ಮೂಡುತ್ತಿತ್ತು. ಮೂರನೇ ದಿನ ನನ್ನ ಹತ್ತಿರ ತಣ್ಣಗೆ ಹೇಳಿದ: “ಈ ಮನೆ ಬಾಗ್ಲಲ್ಲಿ ಒಬ್ಬನ್ ಎಸ್ರು ಬರ್ದಿದೆ ಸಾ. ಬಾಗ್ಲು ತೆಗುದ್ರೆ ಇನ್ನೊಬ್ಬ ಆಚೆಗ್ ಬತ್ತಾನೆ. ಇಂಥ ಕೇರೀಲಿ ನಾನು ಎಂಗ್ ಬಾಳಾಟ ಮಾಡ್ಲಿ?”

ಆಗ ವಿಮಲಾ ಮೇಡಂ ಬಂದರು. ಕೆ.ಆರ್. ನಗರದಿಂದ ದಿನಾ ಬಸ್ಸಿಗೆ ಬಂದು ಪ್ರೆಸ್ಸಿನ ಮಹಡಿಯ ಮೇಲಿನ ಕಂಪ್ಯೂಟರ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಹೆಣ್ಣುಮಗಳು. ಕೀಲಿಮಣೆಯೇ ಬೇಡ, ಅಕ್ಷರಗಳನ್ನೆಲ್ಲ ಪರದೆಯ ಮೇಲೆ ಗುಂಡಿಗಳಾಗಿ ಜೋಡಿಸಿ, ಮೌಸಿನಿಂದ ಒತ್ತಿದರೆ ಸಾಲಿಗೆ ಬರುವ ಹಾಗೆ ಒಂದು ಪ್ರೋಗ್ರಾಮ್ ಬರೆದುಕೊಡುತ್ತೇನೆ ಅಂದರು. ಅದಕ್ಕೆ ಬೇಕಾದ ಕಂಪ್ಯೂಟರ್ ಭಾಷೆ ಒಂದು ಮ್ಯಾಗಜೀನಿನ ಜೊತೆ ಬಂದ ಸಿ.ಡಿ.ಯಲ್ಲಿ ಅವರಿಗೆ ಸಿಕ್ಕಿತ್ತು. ತೊಡಕು ಬೇರೆಯದು. ಆ ಭಾಷೆಗೆ ಗುಂಡಿ, ಪಟ್ಟಿ, ಚೌಕಟ್ಟು ಇವನ್ನೆಲ್ಲ ಕಟ್ಟಿಕೊಡುವ ಟೂಲ್‌ಕಿಟ್‌ಗಳು ಅದೇ ಸಿ.ಡಿ.ಯಲ್ಲಿ ಮೂರು ಇದ್ದವು. ಒಂದನ್ನು ಆರಿಸಬೇಕು.

ಭಾಷೆಗೂ ಟೂಲ್‌ಕಿಟ್‌ಗೂ ಏನು ವ್ಯತ್ಯಾಸ ಅಂತ ಖಲೀಲ್ ಸಾಹೇಬರು ಕೇಳಿದರು. ಭಾಷೆ ಅಂದರೆ ಅಡುಗೆ, ಟೂಲ್‌ಕಿಟ್ ಅಂದರೆ ಬಡಿಸುವುದು ಅಂದರು ವಿಮಲಾ. ಮದುವೆ ಮನೆಗಳಲ್ಲಿ ಅಡುಗೆಗಿಂತ ಬಡಿಸುವುದರಲ್ಲೇ ಜಗಳ ಆಗುವುದನ್ನು ಕಂಡಿದ್ದ ಸಾಹೇಬರಿಗೆ ವಿಷಯದ ಗಾಂಭೀರ್ಯ ತಕ್ಷಣ ತಿಳಿಯಿತು. ಮೂರನ್ನೂ ತೋರಿಸಿ ಅಂದರು.

ಮೊದಲನೆಯದರ ಗುಂಡಿಗಳು ಬಟ್ಟೆ ಸೋಪಿನ ಬಿಲ್ಲೆಯ ಹಾಗೆ ಉಬ್ಬಿಕೊಂಡು ಚೆನ್ನಾಗಿದ್ದವು, ಒತ್ತಿದರೆ ಒಳಗೂ ಹೋಗುತ್ತಿದ್ದವು. ಆದರೆ ಒತ್ತಕ್ಷರಗಳೆಲ್ಲ ಕೆಳಗಿನಿಂದ ಕಳಚಿ ಬೀಳುತ್ತಿದ್ದವು. ಎರಡನೆಯದರಲ್ಲಿ ಅಕ್ಷರಗಳು ನೆಟ್ಟಗಿದ್ದವು, ಗುಂಡಿ ಒಳಗೆ ಹೋಗುತ್ತಿತ್ತು. ತೆರೆದುಕೊಳ್ಳುವುದಕ್ಕೆ ಮಾತ್ರ ಒಂದು ಲೋಟ ಕಾಫಿ ಆರುವಷ್ಟು ಹೊತ್ತು. ಮೂರನೆಯದು ಮಿಂಚಿನ ಹಾಗೆ ತೆರೆದುಕೊಳ್ಳುತ್ತಿತ್ತು, ಆದರೆ ಗುಂಡಿ ಒತ್ತಿದರೆ ಅಲ್ಲಾಡುತ್ತಿರಲಿಲ್ಲ. ಇದು ಸಿದ್ದಣ್ಣನಿಗೆ ಹಿಡಿಸಲಿಲ್ಲ. ಮೊಳೆ ಕೈಗೆ ಬಂತೋ ಇಲ್ಲವೋ ಕೈಗೆ ತಿಳಿಯಬೇಕು, ತಿಳಿಯದೆ ಎತ್ತಿದ್ದು ಕದ್ದ ಹಾಗೆ ಅಂದ. ಸಾಹೇಬರಿಗೆ ಮೂರನೆಯದರ ವೇಗ ಇಷ್ಟ. ನನ್ನ ಅಭಿಪ್ರಾಯವನ್ನೂ ಕೇಳಿದರು. ಪತ್ರಕರ್ತ ಪಕ್ಷ ವಹಿಸಬಾರದು ಅಂತ ನಾನು ಸಭೆಯ ನಡಾವಳಿ ಬರೆದುಕೊಳ್ಳುತ್ತೇನೆ ಎಂದೆ. ನಿಜ ಹೇಳಬೇಕೆಂದರೆ ಮೂರಕ್ಕೂ ಏನು ವ್ಯತ್ಯಾಸ ಅಂತ ನನಗೆ ಕಂಡಿರಲಿಲ್ಲ.

ಎರಡು ದಿನ ಚರ್ಚೆ ನಡೆದು ತೀರ್ಮಾನ ಆಗದಿದ್ದಾಗ ಹುಣಸೂರಿನಲ್ಲಿ ಮಾಡುವುದನ್ನೇ ಸಾಹೇಬರು ಮಾಡಿದರು. ಚಿಕ್ಕೇಗೌಡರನ್ನು ಕರೆಸಿದರು.

ಚಿಕ್ಕೇಗೌಡರು ಹೊಗೆಸೊಪ್ಪಿನ ಹರಾಜು ಕಟ್ಟೆಯಲ್ಲಿ ದರ್ಜೆ ಹೇಳಿ ನಿವೃತ್ತರಾದವರು. ಬೇಲಿನ, ಅಂದರೆ ಸೊಪ್ಪಿನ ಮೂಟೆಯ, ಮೇಲೆ ಅಂಗೈ ಇಟ್ಟು, ಒಂದು ಎಲೆ ಹಿಸುಕಿ, ಇದು ಇಂಥ ದರ್ಜೆ ಎಂದರೆ ಮುಗಿಯಿತು. ಅವರ ಕೈಯ ಮೇಲೆ ನಮ್ಮ ಊರಿಗೆ ಎಷ್ಟು ನಂಬಿಕೆ ಎಂದರೆ ಜನ ರೇಷ್ಮೆ ಸೀರೆ, ಹಲಸಿನ ಹಣ್ಣು, ಒಂದು ಸಲ ಹೊಸದಾಗಿ ಬಂದ ತಹಸೀಲ್ದಾರರ ಬಗ್ಗೆಯೂ ಅವರಿಂದ ದರ್ಜೆ ಹೇಳಿಸಿಕೊಂಡಿದ್ದರು. ತಹಸೀಲ್ದಾರರನ್ನು ಅವರು ಹೇಗೆ ಮುಟ್ಟಿದರು ಎಂಬುದು ನನಗೆ ಖಚಿತವಾಗಿ ತಿಳಿಯದ ಕಾರಣ ಬರೆಯುವುದಿಲ್ಲ.

ಗೌಡರು ಬಂದು ಪ್ರೆಸ್ಸಿನೊಳಗೆ ಇಣುಕಿ, ಇಲ್ಲಿ ಆಗುವುದಿಲ್ಲ ಎಂದರು. ದರ್ಜೆಯನ್ನು ಯಾರಾದರೂ ಟ್ಯೂಬ್‌ಲೈಟಿನ ಕೆಳಗೆ ನೋಡುತ್ತಾರಾ? ಬೆಳಗಿನ ಬಿಸಿಲು ಬೇಕು. ಅದು ಕಟ್ಟೆಯ ನಿಯಮ, ಅದಕ್ಕೆ ಎದುರು ಮಾತಿಲ್ಲ. ಹಾಗಾಗಿ ಮಾರನೇ ದಿನ ಬೆಳಿಗ್ಗೆ ಮೇಜು, ಕಂಪ್ಯೂಟರು ಎಲ್ಲವನ್ನೂ ಹೊತ್ತು ಪ್ರೆಸ್ಸಿನ ಮುಂದಿನ ಜಗಲಿಯ ಮೇಲೆ ಇಟ್ಟೆವು. ಪಕ್ಕದ ಸೈಕಲ್ ಅಂಗಡಿಯಿಂದ ಉದ್ದದ ವೈರು ಎಳೆದು ಕರೆಂಟು ಕೊಟ್ಟೆವು. ಸೂರ್ಯ ನೇರವಾಗಿ ಪರದೆಯ ಮೇಲೆ ಬಿದ್ದ. ಪರದೆಯಲ್ಲಿ ಏನೂ ಕಾಣಿಸಲಿಲ್ಲ. ನಮ್ಮ ಮುಖಗಳು ಕಂಡವು, ಹಿಂದೆ ಮಡಿಕೇರಿ ಬಸ್ಸು ಹೋದದ್ದು ಕಂಡಿತು.

ವಿಮಲಾ ಮೇಡಂ ಇದನ್ನು ಹೇಳಲು ಬಾಯಿ ತೆರೆದರು. ಗೌಡರು ಕೈ ಎತ್ತಿ ತಡೆದರು. ನೋಡುವುದು ಗಿರಾಕಿಯ ಕೆಲಸ, ದರ್ಜೆ ಹೇಳುವವನದು ಮುಟ್ಟುವ ಕೆಲಸ ಎಂದರು. ಮೊದಲನೇ ಟೂಲ್‌ಕಿಟ್ ಹಾಕಿಸಿ, ಗಾಜಿನ ಮೇಲೆ ಅಂಗೈ ಇಟ್ಟರು. ಮುಂಗೈಯ ರೋಮ ಎದ್ದು ನಿಂತಿತು. ನೆರೆದ ಜನ ಒಂದು ಹೆಜ್ಜೆ ಹಿಂದೆ ಸರಿದರು.

“ಮೇಲೆ ಕಳೆ ಇದೆ, ಒಳಗೆ ಹಸಿ,” ಎಂದರು ಗೌಡರು. ನಾನು ಬರೆದುಕೊಂಡೆ.

ಎರಡನೆಯದು ತೆರೆದುಕೊಳ್ಳಲು ತಡ ಮಾಡಿತು. ಗೌಡರು ಅಷ್ಟು ಹೊತ್ತೂ ಕೈ ತೆಗೆಯದೆ ಕಣ್ಣು ಮುಚ್ಚಿ ನಿಂತರು. ಬಿಸಿಲಿಗೋ, ಒಳಗಿನ ಕಾವಿಗೋ, ಅಷ್ಟರಲ್ಲಿ ಗಾಜು ಚೆನ್ನಾಗಿ ಬೆಚ್ಚಗಾಗಿತ್ತು. “ಇದು ಹದವಾಗಿ ಬೆಂದದೆ ಕಣ್ರಯ್ಯ. ಆತ್ರ ಇಲ್ಲ ಇದ್ಕೆ,” ಎಂದರು. ಮೂರನೆಯದನ್ನು ಹಾಕುತ್ತಿದ್ದ ಹಾಗೇ ಕರೆಂಟು ಹೋಯಿತು. ಗೌಡರು ಕೈ ಇಟ್ಟು, ತೆಗೆದು, ಪಂಚೆಗೆ ಒರೆಸಿಕೊಂಡು, ಇದರಲ್ಲಿ ಜೀವವೇ ಇಲ್ಲ ಎಂದು ತೀರ್ಪು ಕೊಟ್ಟು ಕಾಫಿ ಕುಡಿಯಲು ಹೋದರು.

ಎರಡನೆಯದು ಆಯ್ಕೆ ಆಯಿತು. ನಾನು ಇದರ ಬಗ್ಗೆ ಮೂರು ಪುಟ ವರದಿ ಕಳಿಸಿದೆ. ಪತ್ರಿಕೆಯಲ್ಲಿ ಅದು ನಾಲ್ಕು ಸಾಲಾಗಿ, ಹೊಗೆಸೊಪ್ಪಿನ ಮಾರುಕಟ್ಟೆ ಸಮಾಚಾರದ ಕೆಳಗೆ ಬಂತು. ಎಷ್ಟೋ ದಿನದ ಮೇಲೆ ವಿಮಲಾ ಮೇಡಂ ತಾವೂ ಮೊದಲಿನಿಂದ ಎರಡನೆಯದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದುದಾಗಿ ಹೇಳಿದರು. ನಿಧಾನವನ್ನು ತಿದ್ದಬಹುದು, ಕಳಚಿ ಬೀಳುವ ಒತ್ತಕ್ಷರವನ್ನು ತಿದ್ದುವುದು ಕಷ್ಟವಂತೆ. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಹೇಳಿದ್ರೆ ಸಾಹೇಬ್ರು ನಂಬ್ತಿದ್ರಾ ಸರ್? ನಾನು ಕಲಿತು ಹೇಳೋದು ಒಂದು, ಗೌಡ್ರು ಮುಟ್ಟಿ ಹೇಳೋದು ಒಂದು.”

ಆಮೇಲೆ ಶುರುವಾದದ್ದು ತಿದ್ದುಪಡಿ. ವಿಮಲಾ ಮೇಡಂ ಮೊದಲು ಗುಂಡಿಗಳನ್ನು ಅ, ಆ, ಇ, ಈ ಎಂದು ಶಾಲೆಯ ಕ್ರಮದಲ್ಲಿ ಜೋಡಿಸಿದ್ದರು. ಸಿದ್ದಣ್ಣ ಅರ್ಧ ದಿನ ‘ನ’ ಹುಡುಕಿದ. ಹೀಗೆ ಜೋಡಿಸಿದವರು ಯಾರೂ ಕೆಲಸ ಮಾಡಿದವರಲ್ಲ ಎಂದ.

ಇದು ನನಗೆ ಕೂಡಲೇ ಅರ್ಥವಾಯಿತು. ಅಂತರಸಂತೆಯಲ್ಲಿದ್ದ ನನ್ನ ಅಜ್ಜಿಯ ಒಗ್ಗರಣೆ ಡಬ್ಬಿಯಲ್ಲಿ ಸಾಸಿವೆ ಮಧ್ಯದಲ್ಲಿ, ಜೀರಿಗೆ ಬಲಕ್ಕೆ, ಮೆಂತ್ಯ ಎಡಕ್ಕೆ, ಲವಂಗ ಎಲ್ಲೋ ಮೂಲೆಯಲ್ಲಿ ಇರುತ್ತಿದ್ದವು. ರಜೆಗೆ ಹೋಗಿದ್ದಾಗ ಓದಿದ ಹುಡುಗ ಎಂಬ ಹಮ್ಮಿನಲ್ಲಿ ನಾನು ಅದನ್ನೆಲ್ಲ ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿ ಇಟ್ಟೆ. ಅಜ್ಜಿ ಡಬ್ಬಿಯ ಕಡೆ ನೋಡದೆ ಕೈ ಹಾಕಿದಳು. ಆವತ್ತು ಮಜ್ಜಿಗೆಗೆ ಲವಂಗದ ಒಗ್ಗರಣೆ ಬಿತ್ತು. ತಾತ ಎರಡು ಸಲ ಹಾಕಿಸಿಕೊಂಡು ಕುಡಿದರು. ಕಾಕನಕೋಟೆಯ ಕಾಡಿನಲ್ಲಿ ಬಹಳ ವರ್ಷ ಕೆಲಸ ಮಾಡಿದ್ದ ಅವರಿಗೆ ಆಶ್ಚರ್ಯಪಡುವ ಶಕ್ತಿ ಹೋಗಿತ್ತು. ಬೈಸಿಕೊಂಡವನು ನಾನು.

ಗುಂಡಿಗಳು ಮರದ ಕೇಸಿನ ಕ್ರಮಕ್ಕೆ ಬಂದವು. ಹೆಚ್ಚು ಬಳಸುವ ಅಕ್ಷರದ ಮನೆ ಕೇಸಿನಲ್ಲಿ ದೊಡ್ಡದು, ಹಾಗಾಗಿ ಪರದೆಯಲ್ಲೂ ದೊಡ್ಡದಾಯಿತು. ಟೂಲ್‌ಕಿಟ್‌ಗೆ ಒಂದೇ ಪರದೆಯಲ್ಲಿ ಅಷ್ಟೊಂದು ಗುಂಡಿ, ಅದೂ ಒಂದೊಂದು ಒಂದೊಂದು ಅಳತೆಯದು, ಇಟ್ಟು ಅಭ್ಯಾಸವಿರಲಿಲ್ಲ. ವಿಮಲಾ ಮೇಡಂ ಅದರ ಹೊಟ್ಟೆಯನ್ನೇ ಬಿಚ್ಚಿ ತಿದ್ದಿದರು. ತೆರೆದುಕೊಳ್ಳುವ ನಿಧಾನವೂ ಕಡಿಮೆಯಾಯಿತು. ಚಿಕ್ಕೇಗೌಡರಿಗೆ ಮಾತ್ರ ಇದನ್ನು ತಿಳಿಸಲಿಲ್ಲ.

ಮುಂದಿನ ತಕರಾರು ಅಕ್ಷರ ಮುಗಿಯುವುದಿಲ್ಲ ಎಂಬುದು. ಸೀಸದ ಕೇಸಿನಲ್ಲಿ ‘ಶ್ರೀ’ ಇದ್ದದ್ದು ಸ್ವಲ್ಪವೇ. ಯಾವ ನೆಂಟನಿಗೆ ‘ಶ್ರೀ’ ಹಾಕಬೇಕು, ಯಾರಿಗೆ ಬಿಡಬೇಕು ಎಂದು ತೂಗಿ ಹಂಚುವುದು ಸಿದ್ದಣ್ಣನ ಅಧಿಕಾರವಾಗಿತ್ತು. ಕಂಪ್ಯೂಟರಿನಲ್ಲಿ ಎಷ್ಟು ತೆಗೆದರೂ ಇನ್ನೂ ಇತ್ತು. “ಮುಗೀದಿರೋ ಅಕ್ಸರ ಮಡೀಕಂಡ್ರೆ ಜನ ಬಾಯಿಗ್ ಬಂದಂಗ್ ಬರೀತಾರೆ ಮೇಡಂ,” ಎಂದ. ಇದು ಪತ್ರಿಕೆಯವನಾದ ನನಗೂ ಸೇರಿಸಿ ಹೇಳಿದ ಮಾತು ಎಂದು ಅನ್ನಿಸಿ ನಾನು ಪೆನ್ನು ಮುಚ್ಚಿದೆ. ಮೇಡಂ ಕೇಸಿನ ಮೊಳೆಗಳನ್ನು ಎಣಿಸಿ, ಪ್ರತಿ ಗುಂಡಿಗೂ ಅಷ್ಟೇ ಅಕ್ಷರ ಕೊಟ್ಟರು. ಮುಗಿದರೆ ಗುಂಡಿ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಕೆಲಸ ಮುಗಿದ ಮೇಲೆ ಸಿದ್ದಣ್ಣ ಒಂದೊಂದೇ ಅಕ್ಷರವನ್ನು ಮೌಸಿನಲ್ಲಿ ಹಿಡಿದು ಅದರ ಮನೆಗೆ ಬಿಟ್ಟು ಬರುತ್ತಿದ್ದ. ಕೆಲಸ ಉಳಿಸುವ ಯಂತ್ರಕ್ಕೆ ಕೆಲಸ ಕಲಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಕೊನೆಯ ತೊಂದರೆ ದೊಡ್ಡದು. ಮೊಳೆ ಜೋಡಿಸುವವನ ಕೈಯಲ್ಲಿ ಸಾಲು ಎಡದಿಂದ ಬಲಕ್ಕೇ ಬೆಳೆಯುತ್ತದೆ, ಆದರೆ ಅಕ್ಷರಗಳೆಲ್ಲ ಕೆರೆಯ ನೀರಿನಲ್ಲಿ ಕಂಡ ಮರದ ಹಾಗೆ ತಲೆಕೆಳಗೆ. ಮೂವತ್ತು ವರ್ಷ ಹಾಗೆ ಓದಿದ ಸಿದ್ದಣ್ಣನಿಗೆ ನೆಟ್ಟಗಿನ ಸಾಲಿನಲ್ಲಿ ತಪ್ಪೇ ಕಾಣುತ್ತಿರಲಿಲ್ಲ. ‘ವಧು’ ಎರಡು ಸಲ ಬಂದು ವರ ಬಾರದೇ ಹೋದರೂ ಚೆನ್ನಾಗಿದೆ ಎನ್ನುತ್ತಿದ್ದ. ಶಿವರಾತ್ರಿಗೆ ಎರಡೇ ವಾರ ಉಳಿದಿತ್ತು. ಮೇಡಂ ಟೂಲ್‌ಕಿಟ್ಟಿನಲ್ಲಿ ಅಕ್ಷರ ಬರೆಯುವ ಜಾಗವನ್ನೇ ಹುಡುಕಿ, ಅಲ್ಲಿ ಎಲ್ಲವನ್ನೂ ತಲೆಕೆಳಗು ಮಾಡಿದರು. ಗುಂಡಿಯ ಮೇಲಿನ ಅಕ್ಷರ, ಜೋಡಿಸಿದ ಸಾಲು, ಎಚ್ಚರಿಕೆಯ ಸೂಚನೆ, ‘ಸರಿ’, ‘ಬೇಡ’, ಎಲ್ಲವೂ ಕಾಲು ಮೇಲೆ ಮಾಡಿ ನಿಂತವು. ನಾವು ಕುತ್ತಿಗೆ ತಿರುಚಿ ನೋಡುತ್ತಿದ್ದೆವು. ಸಿದ್ದಣ್ಣ ಮೊದಲ ಸಲ ನೆಮ್ಮದಿಯಾಗಿ ಓದಿದ.

ಮೇಡಂ ತಮ್ಮ ತಿದ್ದುಪಡಿಗಳನ್ನು ಟೂಲ್‌ಕಿಟ್ ಮಾಡಿದ ಪರದೇಶದವರಿಗೂ ಇ-ಮೇಲಿನಲ್ಲಿ ಕಳಿಸಿದರು. ಬಹಳ ಸಭ್ಯವಾದ ಉತ್ತರ ಬಂತು. ವೇಗದ ತಿದ್ದುಪಡಿಯನ್ನು ಒಪ್ಪಿಕೊಂಡಿದ್ದೇವೆ, ಆದರೆ ತಲೆಕೆಳಗಾಗಿ ಓದುವ ಲಿಪಿ ಯಾವ ಜನರದು, ದಯವಿಟ್ಟು ತಿಳಿಸಿ ಎಂದು ಕೇಳಿದ್ದರು. ಕಂಪಲಾಪುರದ ಒಬ್ಬರದು ಎಂದು ಮೇಡಂ ಬರೆದರು. ಮತ್ತೆ ಉತ್ತರ ಬರಲಿಲ್ಲ.

ಪರೀಕ್ಷೆಯ ದಿನ ಬಂದದ್ದು ಚಿಕ್ಕೇಗೌಡರ ಕೊನೆಯ ಮಗಳ ಲಗ್ನಪತ್ರಿಕೆ. ಸಾಹೇಬರು ಮೈಸೂರಿನ ಆಪರೇಟರನ್ನೂ ಆವತ್ತೇ ಕರೆಸಿದ್ದರು. ಅದೇ ಹಸ್ತಪ್ರತಿಯನ್ನು ಇಬ್ಬರೂ ಜೋಡಿಸಬೇಕು. ಇಬ್ಬರದನ್ನೂ ಪಾರದರ್ಶಕ ಕಾಗದದ ಮೇಲೆ ಪ್ರಿಂಟ್ ತೆಗೆದು, ಬಸ್ಸಿನಲ್ಲಿ ಮೈಸೂರಿಗೆ, ಅಚ್ಚಿಗೆ ಬೇಕಾದ ತಗಡಿನ ಪ್ಲೇಟ್ ಮಾಡುವವರಿಗೆ ಕಳಿಸುವುದು, ಯಾವ ಪ್ಲೇಟ್ ಚೆನ್ನಾಗಿ ಬರುತ್ತದೋ ಅವರಿಗೆ ಕೆಲಸ. ಆಪರೇಟರ್ ಮೃದು ಸ್ವಭಾವದವನು. ಮುಕ್ಕಾಲು ಗಂಟೆಯಲ್ಲಿ ಮುಗಿಸಿ, ಪ್ರಿಂಟ್ ತೆಗೆದು, ಸಿದ್ದಣ್ಣನ ಬುತ್ತಿಯ ಮುದ್ದೆಯಲ್ಲಿ ಪಾಲು ತಿಂದು, ಬಸ್ಸು ಹತ್ತಿ ಹೋದ. ಸಿದ್ದಣ್ಣ ಮೂರು ಗಂಟೆ ತೆಗೆದುಕೊಂಡ. ತಪ್ಪು ಒಂದೂ ಇಲ್ಲ ಎಂದು ತಲೆಕೆಳಗಾಗಿಯೇ ಎರಡು ಸಲ ಓದಿ, ಪ್ರಿಂಟ್ ಗುಂಡಿ ಒತ್ತಿದ. ಗುಂಡಿ ಒಳಗೆ ಹೋಯಿತು.

ಕಾಗದ ಹೊರಗೆ ಬಂತು. ಸಾಹೇಬರು ಎತ್ತಿಕೊಂಡು ನೋಡಿದರು. ತಲೆ ಮೇಲೆ ಬರುವ ಹಾಗೆ ತಿರುಗಿಸಿ ಹಿಡಿದರು. ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ಬಲದಿಂದ ಎಡಕ್ಕೆ ಓಡುತ್ತಿದ್ದವು. ಪರದೆಗೆ ಬರೆಯುವ ಜಾಗವೇ ಪ್ರಿಂಟರಿಗೂ ಬರೆಯುತ್ತಿತ್ತು. ಅಲ್ಲಿಯ ತಿದ್ದುಪಡಿ ಕಾಗದಕ್ಕೂ ಇಳಿದಿತ್ತು. ಮೇಡಂ ಆವತ್ತು ರಜೆ, ಕೆ.ಆರ್. ನಗರದಲ್ಲಿ ಯಾರದೋ ನಾಮಕರಣ. ಬಸ್ಸಿಗೆ ಹತ್ತು ನಿಮಿಷ.

ಸಾಹೇಬರು ಅದನ್ನು ಆಪರೇಟರನ ಕಾಗದದ ಪಕ್ಕಕ್ಕೆ ಇಟ್ಟರು. ಆಮೇಲೆ, ಮಾತು ಕೊಟ್ಟ ಹಾಗೆ ಎರಡನ್ನೂ ಕಳಿಸಿಬಿಡೋಣ ಎಂದರು. ಅದನ್ನು ಹೇಳುವಾಗ ಅವರು ಸಿದ್ದಣ್ಣನ ಮುಖ ನೋಡಲಿಲ್ಲ. ಎರಡೂ ಕಾಗದಗಳನ್ನು ನನ್ನ ಸುದ್ದಿಯ ಕವರಿನ ಜೊತೆಗೇ ಕಂಡಕ್ಟರ್ ಕೈಗೆ ಕೊಟ್ಟು ಬಂದೆ. ಆ ದಿನ ಬಸ್ಸು ಬಿಳಿಕೆರೆಯಲ್ಲಿ ನಿಂತುಬಿಡಲಿ ಎಂದು ನಾನು ಹಾರೈಸಿದ್ದುಂಟು. ವೃತ್ತಿಜೀವನದಲ್ಲಿ ನಾನು ಪಕ್ಷ ವಹಿಸಿದ್ದು ಅದೊಂದೇ ಸಲ.

ಮಾರನೇ ದಿನ ಮಧ್ಯಾಹ್ನ ಪ್ರೆಸ್ಸಿಗೆ ಮೈಸೂರಿನಿಂದ ಫೋನ್ ಬಂತು. ಸಾಹೇಬರು ಹ್ಞೂ, ಹ್ಞೂ ಎಂದು ಕೇಳಿಸಿಕೊಂಡರು. ಮೇಡಂ ಮಹಡಿಯಿಂದ ಇಳಿದು ಬಂದು ಬಾಗಿಲಲ್ಲಿ ನಿಂತಿದ್ದರು. ಸಿದ್ದಣ್ಣ ಹಳೇ ಕೇಸಿನ ಧೂಳು ಒರೆಸುತ್ತಿದ್ದ. ಸಾಹೇಬರು ರಿಸೀವರ್ ಇಟ್ಟು, ಅಲ್ಲಿ ಹೇಳಿದ್ದನ್ನು ನಿಧಾನವಾಗಿ ಹೇಳಿದರು. ಪ್ಲೇಟ್ ಮಾಡುವುದು ಕಾಗದವನ್ನು ಅದರ ಮೇಲಿಟ್ಟು ಬೆಳಕು ಹಾಯಿಸಿ. ಆಗ ಕಾಗದದ ಮಸಿ ಇರುವ ಮುಖ ಪ್ಲೇಟಿಗೆ ಅಂಟಿಕೊಂಡು ಕೂರಬೇಕು. ಹಾಗೆ ಕೂರಬೇಕಾದರೆ ಪ್ರಿಂಟು ಉಲ್ಟಾ ಇರಬೇಕು. ನೆಟ್ಟಗಿನ ಪ್ರಿಂಟನ್ನು ಮಸಿ ಮೇಲೆ ಮಾಡಿ ಇಡಬೇಕಾಗುತ್ತದೆ, ಆಗ ಕಾಗದದ ದಪ್ಪದೊಳಗೆ ಬೆಳಕು ನುಸುಳಿ ಒತ್ತಕ್ಷರಗಳು ಮಸುಕಾಗುತ್ತವೆ. ಆಪರೇಟರದು ಹಾಗೇ ಆಗಿದೆ. ಅವನ ಅಂಗಡಿಯಲ್ಲಿ ಅದನ್ನೆಲ್ಲ ಬೇರೆಯವರು ನೋಡಿಕೊಳ್ಳುತ್ತಿದ್ದರಂತೆ. ಸಿದ್ದಣ್ಣನದು ಸೂಜಿ ಮೊನೆಯಷ್ಟು ಚೂಪಾಗಿ ಬಂದಿದೆ. ಹುಣಸೂರಿನಲ್ಲಿ ಇಷ್ಟು ತಿಳಿದವರು ಯಾರಿದ್ದಾರೆ ಎಂದು ಪ್ಲೇಟಿನವರು ಕೇಳಿದರಂತೆ.

ವರದಿಗಾರನಾದ ನಾನು ಕೇಳಲೇಬೇಕಾದ ಪ್ರಶ್ನೆ ಕೇಳಿದೆ: ಸಿದ್ದಣ್ಣ, ಇದು ನಿನಗೆ ಗೊತ್ತಿತ್ತಾ?

“ಮೂವತ್ ವರ್ಸದಿಂದ ಅಚ್ಚಿಗೆ ಕೊಟ್ಟಿದ್ದು ಯಾವತ್ ಸೀದಾ ಇತ್ತು ಏಳಿ ಸಾ,” ಎಂದ. ಇದನ್ನು ಉತ್ತರ ಎನ್ನಬಹುದೋ ಇಲ್ಲವೋ ನನಗೆ ಇವತ್ತಿಗೂ ಖಚಿತವಿಲ್ಲ. ಹಾಗಾಗಿ ಅದನ್ನು ಸುದ್ದಿ ಮಾಡಲಿಲ್ಲ.

ಸಾಹೇಬರು ಎದ್ದು, ಆ ಹೊಸ ಕುರ್ಚಿಯನ್ನು ತಾವೇ ಎಳೆದು ಸಿದ್ದಣ್ಣನ ಮುಂದೆ ಇಟ್ಟರು. “ಮೈಸೂರಿನವನಿಗೆ ಬೇಡ ಅಂತ ಹೇಳ್ತೀನಿ. ಇನ್ನು ನೀನೇ ಕೂತ್ಕೋ, ಸಿದ್ದಣ್ಣ.”

ಸಿದ್ದಣ್ಣ ಕುರ್ಚಿಯನ್ನು ನೋಡಿದ. ಸೀಟಿನ ಮೇಲೆ ಕೈ ಒತ್ತಿ ನೋಡಿದ. ಆಮೇಲೆ ಅದನ್ನು ಎತ್ತಿ ಬಾಗಿಲ ಹತ್ತಿರ ವಿಮಲಾ ಮೇಡಂ ಪಕ್ಕಕ್ಕೆ ಇಟ್ಟು ಬಂದ.

“ಕೂತ್ಕಂಡು ನನ್ ಕೈ ಓಡಲ್ಲ ಸಾಬ್ರೇ. ಮೇಜು ಎತ್ರ ಮಾಡ್ಸಿ.”

ಎಷ್ಟು ಎತ್ತರ ಎಂದು ಸಾಹೇಬರು ಕೇಳಿದರು. ಸಿದ್ದಣ್ಣ ಅಂಗಿಯ ತೋಳು ಮಡಚಿ, ಮೊಣಕೈ ಮಡಿಸಿ, ನೆಟ್ಟಗೆ ನಿಂತ. ಖಲೀಲ್ ಸಾಹೇಬರು ಅಂಗಡಿಯ ಅಡಿಪಟ್ಟಿ ಹಿಡಿದು, ಅವನ ಕಾಲ ಬಳಿ ನೆಲಕ್ಕೆ ಬಗ್ಗಿ, ಕೆಳಗಿನಿಂದ ಅಳೆಯಲು ಶುರುಮಾಡಿದರು.